ಒಕ್ಕೊರಲಿನ ಓದು

ಪ್ರಾಥಮಿಕ ಶಾಲೆಯ ಒಂದನೆಯ ತರಗತಿಗೆ ಪಾಠ ಹೇಳುವ ಉಪಾಧ್ಯಾಯನಿಗೆ ನಮ್ಮ ಸಮಾಜದಲ್ಲಿ ಹಿಂದೆ ವಿಶೇಷ ಗೌರವವಿರಲಿಲ್ಲ. ಈಗ ಬಂದಿದೆಯೆಂದು ಹೇಳುವ ಧೈರ್ಯವೂ ನನಗಿಲ್ಲ. ಏಳನೆಯ ತರಗತಿಗೆ ಗಣಿತ ಹೇಳುವವರನ್ನು ಊರಿನ ಹಿರಿಯರು ಜಗಲಿಯಿಂದೆದ್ದು ಮಾತನಾಡಿಸುತ್ತಿದ್ದರು. ಅಕ್ಷರ ತಿದ್ದಿಸುವವನನ್ನಾದರೋ, ತುಂಟ ಮಕ್ಕಳನ್ನು ಸಂಜೆಯವರೆಗೆ ಹಿಡಿದು ಕೂರಿಸಲು ಸರ್ಕಾರ ನೇಮಿಸಿದ ಆಳೆಂದೇ ಭಾವಿಸುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವನಿಗೋ, ನಿವೃತ್ತಿಯ ದಿನವನ್ನು ಎಣಿಸುತ್ತಿದ್ದ ವೃದ್ಧರಿಗೋ ಆ ತರಗತಿಯನ್ನು ಒಪ್ಪಿಸಿಬಿಡುವುದು ಮುಖ್ಯೋಪಾಧ್ಯಾಯರ ವಾಡಿಕೆಯಾಗಿದ್ದಿತು. ಇದರ ಹಿಂದೆ, ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಒಪ್ಪಿಕೊಂಡಿದ್ದ ಒಂದು ಸಿದ್ಧಾಂತವಿದ್ದಿತು: ಓದು ಎಂಬುದು ಹಲ್ಲು ಹುಟ್ಟುವಂತೆ ಕಾಲ ಬಂದಾಗ ತಾನಾಗಿಯೇ ಬರುವ ವಸ್ತು, ಬಾರದೆ ಹೋದರೆ ಅದು ಮಗುವಿನ ಪೂರ್ವಾರ್ಜಿತ, ಅದರಲ್ಲಿ ಉಪಾಧ್ಯಾಯನು ಮಾಡತಕ್ಕದ್ದೇನೂ ಇಲ್ಲ. ಈ ಸಿದ್ಧಾಂತವು ಮೆಲ್ಲಮೆಲ್ಲನೆ ಸಡಿಲಗೊಂಡುದನ್ನೂ, ಆದರೂ ಪೂರ್ತಿಯಾಗಿ ಕಳಚಿ ಬೀಳದೆ ಉಳಿದುದನ್ನೂ, ಮೊದಲು ಉಪಾಧ್ಯಾಯನಾಗಿ, ಆಮೇಲೆ ಉಪಾಧ್ಯಾಯರನ್ನು ತಯಾರುಮಾಡುವ ಸಂಸ್ಥೆಗಳಲ್ಲಿ ಬೋಧಕನಾಗಿ, ಮೈಸೂರು ಸೀಮೆಯಲ್ಲಿಯೇ ಬಹುಪಾಲು ಆಯುಸ್ಸನ್ನು ಕಳೆದ ನಾನು ಹತ್ತಿರದಿಂದ ಕಂಡವನಾದ್ದರಿಂದ, ಆ ಕುರಿತು ನಾಲ್ಕು ಮಾತು ಬರೆಯಬಹುದೆಂದು ತೋರುತ್ತದೆ.

1960ರ ದಶಕದ ಹಳ್ಳಿಯ ಶಾಲೆಯನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತಿದ್ದಿತು. ಬಸ್ಸಿಳಿದು ಕೆರೆಯ ಏರಿಯ ಮೇಲೆ ನಡೆದು ಬರುವವನಿಗೆ, ಶಾಲೆಯ ಹೆಂಚಿನ ಸೂರು ಕಾಣುವುದಕ್ಕೆ ಎಷ್ಟೋ ಮುಂಚೆಯೇ, ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು’ ಎಂದು ಏರಿ ಇಳಿಯುವ ಮಕ್ಕಳ ಒಕ್ಕೊರಲು ಕೇಳಿಬರುತ್ತಿದ್ದಿತು. ಜಾಣನೊಬ್ಬ ಮುಂದೆ ನಿಂತು ಹೇಳಿಕೊಡುವನು, ಉಳಿದವರು ಅನುಸರಿಸುವರು, ಅಷ್ಟರಲ್ಲಿ ಉಪಾಧ್ಯಾಯರು ಹಾಜರಿ ಪುಸ್ತಕವನ್ನೋ ಹಾಲಿನಪುಡಿಯ ಲೆಕ್ಕವನ್ನೋ ಮುಗಿಸಿಕೊಳ್ಳುವರು. ಈ ಪದ್ಧತಿಯನ್ನು ಹೀಗಳೆಯುವುದು ಈಗಿನವರಿಗೆ ಸುಲಭ, ನಾನು ಹೀಗಳೆಯಲಾರೆ. 34 ವ್ಯಂಜನಗಳಿಗೆ ಸ್ವರಗಳು ಸೇರಿ ಐನೂರರ ಆಸುಪಾಸು ಗುಣಿತಾಕ್ಷರಗಳಾಗುವ, ಅದರ ಮೇಲೆ ಒತ್ತಕ್ಷರಗಳ ದೊಡ್ಡದೊಂದು ಸಂತತಿಯನ್ನೇ ಹೊತ್ತ ಲಿಪಿಯನ್ನು, ಒಂದು ಪುಸ್ತಕವೂ ಇಲ್ಲದ ಮನೆಗಳಿಂದ ಬಂದ ಮಕ್ಕಳ ನಾಲಗೆಯ ಮೇಲೆ ತಾಳಬದ್ಧವಾಗಿ ಕೂರಿಸಿದ ಉಪಾಯವು ಸಾಮಾನ್ಯವಾದುದಲ್ಲ. ಅದರ ದೋಷವಿದ್ದುದು ಬೇರೊಂದು ಕಡೆ. ನಲವತ್ತು ಮಕ್ಕಳ ಕೂಗಿನ ನಡುವೆ ಮೂವರು ಬರಿದೆ ತುಟಿಯಾಡಿಸುತ್ತಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಯಬೇಕಾದ ಅಗತ್ಯವೂ ಯಾರಿಗೂ ತೋರುತ್ತಿರಲಿಲ್ಲ.

ನಾನು ಟಿ.ಸಿ.ಎಚ್. ತರಬೇತಿಗೆ ಸೇರಿದುದು ಆ ದಶಕದ ಕೊನೆಯಲ್ಲಿ. ರಾಜ್ಯಕ್ಕೆ ಆಗಿನ್ನೂ ಮೈಸೂರೆಂಬ ಹೆಸರೇ ಇದ್ದಿತು. ಶೈಕ್ಷಣಿಕ ಮನಶ್ಶಾಸ್ತ್ರ, ಶಾಲಾ ಆಡಳಿತ, ಹರ್ಬಾರ್ಟ್ ಪಂಡಿತನ ಹೆಸರಿನಲ್ಲಿ ನಡೆಯುತ್ತಿದ್ದ ಪಂಚಸೋಪಾನಗಳು, ಇವೆಲ್ಲವನ್ನೂ ನೋಟ್ಸಿನ ಮೂಲಕ ಉರುಹಚ್ಚಿ ಪಾಸಾಗುವುದು ಆಗಿನ ಕ್ರಮ. ಓದುವುದನ್ನು ಕಲಿಸುವ ಬಗೆಗೆ ಪಠ್ಯದಲ್ಲಿದ್ದುದು ಅಕ್ಷರ ಪದ್ಧತಿ, ಪದ ಪದ್ಧತಿ, ವಾಕ್ಯ ಪದ್ಧತಿ ಎಂಬ ಮೂರರ ಗುಣದೋಷ ವಿವೇಚನೆ. ಪರೀಕ್ಷೆಯಲ್ಲಿ ಅದಕ್ಕೊಂದು ಪ್ರಶ್ನೆ ಖಂಡಿತವಾಗಿಯೂ ಬರುತ್ತಿದ್ದುದರಿಂದ ವಾಕ್ಯ ಪದ್ಧತಿಯೇ ಶ್ರೇಷ್ಠವೆಂದು ಬರೆದು ಅಂಕ ಪಡೆದವರೆಲ್ಲ, ಕೆಲಸಕ್ಕೆ ಸೇರಿದ ಮರುದಿನವೇ ಅಕ್ಷರ ಪದ್ಧತಿಗೆ ಹಿಂದಿರುಗುತ್ತಿದ್ದರು. ಅಭ್ಯಾಸಿ ಶಾಲೆಯಲ್ಲಿ ವಿಮರ್ಶಾ ಪಾಠ ಕೊಡುವ ದಿನವಂತೂ ಮದುವೆಯ ಮನೆಯ ಸಡಗರ. ಬಣ್ಣದ ಚಿತ್ರಪಟಗಳು, ಮಿಂಚುಪಟ್ಟಿಗಳು, ಸುರುಳಿ ಹಲಗೆ, ಇಸ್ತ್ರಿಯಾದ ಅಂಗಿ. ಹಿಂದಿನ ಬೆಂಚಿನಲ್ಲಿ ಸಾಲಾಗಿ ಕುಳಿತ ಸಹಪಾಠಿಗಳು, ಪಾಠ ಹೇಳುವವನ ಧ್ವನಿ ಸಾಕಷ್ಟು ಏರಿತೇ, ಕಪ್ಪುಹಲಗೆಯ ಬರವಣಿಗೆ ನೇರವಾಗಿತ್ತೇ, ಪೀಠಿಕೆಯಿಂದ ನಿರೂಪಣೆಗೆ ಬಂದಾಗ ಸಂಬಂಧ ಕೂಡಿತೇ ಎಂಬುದನ್ನು ಒಂದೊಂದಾಗಿ ಗುರುತು ಹಾಕಿಕೊಳ್ಳುತ್ತಿದ್ದರು. ಪಾಠ ಕೇಳಿದ ಮಗುವಿಗೆ ಏನು ಬಂದಿತು ಎಂಬ ಪ್ರಶ್ನೆ ಆ ವಿಮರ್ಶೆಯ ಕಟ್ಟಕಡೆಯಲ್ಲಿಯೂ ಏಳುತ್ತಿರಲಿಲ್ಲ.

ಇದಕ್ಕೆ ಅಪವಾದವಾಗಿದ್ದವರು ನಮ್ಮ ಸಂಸ್ಥೆಯ ಒಬ್ಬ ಹಿರಿಯ ಅಧ್ಯಾಪಕರು. ಕಚ್ಚೆಪಂಚೆ, ಮುಚ್ಚುಕೋಟು, ಕೋಟಿನ ಜೇಬಿನಲ್ಲಿ ಸದಾ ಒಂದು ಮೊಂಡು ಪೆನ್ಸಿಲು. ಅವರು ಶಿಷ್ಯರನ್ನು ಒಬ್ಬೊಬ್ಬರನ್ನಾಗಿ ಕರೆದು, ಅಭ್ಯಾಸಿ ಶಾಲೆಯ ಮೊಗಸಾಲೆಯಲ್ಲಿ ಒಂದೊಂದು ಮಗುವಿನ ಎದುರು ಕೂರಿಸಿ, ಮಗು ಪುಸ್ತಕದ ಒಂದು ಪುಟವನ್ನು ಓದುತ್ತಿರುವಾಗ ಅದರ ಬಾಯಿಂದ ಬಂದುದನ್ನು ಬಂದ ಹಾಗೆಯೇ ಬರೆದುಕೊಳ್ಳಲು ಹೇಳುತ್ತಿದ್ದರು. ನಡುವೆ ಬಾಯಿಹಾಕಿ ತಿದ್ದಲು ಹೋದವನಿಗೆ, “ತಿದ್ದಬೇಡಯ್ಯ, ಮೊದಲು ಬರ್ಕೊ. ತಿದ್ದಿಬಿಟ್ಟರೆ ಅದು ಯಾಕೆ ತಪ್ಪಿತು ಅನ್ನೋದು ನಿನಗೆ ಯಾವತ್ತಿಗೂ ಗೊತ್ತಾಗೋಲ್ಲ” ಎಂದು ಗದರುವರು. ಪಠ್ಯಕ್ರಮದಲ್ಲಿ ಇದಕ್ಕೆ ಸ್ಥಳವಿರಲಿಲ್ಲ, ಅಂಕವೂ ಇರಲಿಲ್ಲ, ಆದಕಾರಣ ಹೆಚ್ಚಿನವರು ಇದನ್ನು ಮುದುಕರ ಖಯಾಲಿಯೆಂದೇ ಎಣಿಸಿದರು.

ನನಗೆ ಮೊದಲು ಕೆಲಸ ಸಿಕ್ಕಿದ ಊರಿನ ಶಾಲೆಯಲ್ಲಿ, ಬಡಗಿಯ ಮನೆಯ ಹುಡುಗನೊಬ್ಬ ಮೂರನೆಯ ತರಗತಿಯಲ್ಲಿದ್ದ. ಮಗ್ಗಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪಾಠಪುಸ್ತಕವನ್ನು ಬಿಚ್ಚಿಕೊಟ್ಟರೆ ಪುಟಕ್ಕೆ ಪುಟವನ್ನೇ ನಿರರ್ಗಳವಾಗಿ ಒಪ್ಪಿಸುತ್ತಿದ್ದ. ಆದರೆ ಅವನ ಬೆರಳು ಬಾಯಿಗಿಂತ ಒಂದೆರಡು ಸಾಲು ಹಿಂದೆಯೋ ಮುಂದೆಯೋ ಅಲೆದಾಡುತ್ತಿದ್ದಿತು. ಒಮ್ಮೆ ಶಾಲೆಗೆ ಬಂದ ಇನ್‌ಸ್ಪೆಕ್ಟರವರು ಸೂಕ್ಷ್ಮಮತಿಗಳು. ಪುಟದ ಕೊನೆಯ ಸಾಲನ್ನು ಬಿಟ್ಟು ಉಳಿದುದನ್ನೆಲ್ಲ ಕಾಗದದಿಂದ ಮುಚ್ಚಿ, ಇದನ್ನು ಓದು ಎಂದರು. ಹುಡುಗ ಮೊದಲ ಸಾಲಿನಿಂದ ಬಾಯಿಪಾಠವನ್ನು ಮನಸ್ಸಿನಲ್ಲಿಯೇ ಓಡಿಸಿ ಆ ಸಾಲನ್ನು ಹಿಡಿಯಲು ಯತ್ನಿಸುತ್ತಿದ್ದನೆಂಬುದು ಅವನ ತುಟಿಯ ಚಲನೆಯಿಂದ ಗೊತ್ತಾಗುತ್ತಿದ್ದಿತು. ಅಷ್ಟು ಹೊತ್ತು ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಇನ್‌ಸ್ಪೆಕ್ಟರು ಜೀಪು ಹತ್ತಿದ ಮೇಲೆ ಮುಖ್ಯೋಪಾಧ್ಯಾಯರ ಹುಣಸೆ ಬರಲು ಹೊರಬಂದಿತು. ‘ಮೋಸಗಾರ’ ಎಂಬ ಬಿರುದೂ ದೊರೆಯಿತು. ತಂದೆಯನ್ನು ಕರೆಸಿ ಹೇಳಿದಾಗ ಆತ ಆಶ್ಚರ್ಯಪಡಲಿಲ್ಲ. “ನಮ್ಮಪ್ಪಂಗೂ ಹತ್ನಿಲ್ಲ, ನಂಗೂ ಹತ್ನಿಲ್ಲ ಮೇಷ್ಟ್ರೆ. ಇವನ್ನೂ ಉಳಿ ಹಿಡಿಯಕ್ಕೆ ಬುಡಿ” ಎಂದ. ಆ ಮಾತಿನಲ್ಲಿ, ಇಂದು ವೈದ್ಯರು ಮೊದಲು ಕೇಳುವ ಪ್ರಶ್ನೆಗೆ, ಎಂದರೆ ಮನೆತನದಲ್ಲಿ ಇನ್ನಾರಿಗಾದರೂ ಹೀಗಿತ್ತೇ ಎಂಬ ಪ್ರಶ್ನೆಗೆ, ಉತ್ತರವಿದ್ದಿತು. ಕೇಳಿಸಿಕೊಂಡ ನಮಗೆ ಪ್ರಶ್ನೆಯೇ ತಿಳಿದಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಬಿದ್ದಿತು.

ವಿಚಿತ್ರವೆಂದರೆ, ಆ ಪ್ರಶ್ನೆಯನ್ನು ಬಲ್ಲವರು ದೂರದಲ್ಲೇನೂ ಇರಲಿಲ್ಲ. ಮೈಸೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು, 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ, ಈ ಮೂರೂ ಮಾನಸಗಂಗೋತ್ರಿಯಲ್ಲಿಯೂ ಅದರ ನೆರೆಯಲ್ಲಿಯೂ ಕೆಲವೇ ವರ್ಷಗಳ ಅಂತರದಲ್ಲಿ ತಲೆಯೆತ್ತಿದವು. ಒಂದರಲ್ಲಿ ಶಿಕ್ಷಕರ ಶಿಕ್ಷಣ, ಮತ್ತೊಂದರಲ್ಲಿ ಮಾತು ಮತ್ತು ಕೇಳ್ಮೆಗಳ ವಿಜ್ಞಾನ, ಮೂರನೆಯದರಲ್ಲಿ ಭಾಷೆಯ ಶಾಸ್ತ್ರ. ಓದಲಾರದ ಮಗುವನ್ನು ಅರಿಯಲು ಬೇಕಾದ ಮೂರು ವಿದ್ಯೆಗಳೂ ಒಂದು ಸಂಜೆಯ ವಾಯುವಿಹಾರದಷ್ಟು ದೂರದೊಳಗೆ ಸೇರಿದ್ದವು. ಆದರೆ ಹಳ್ಳಿಯ ಉಪಾಧ್ಯಾಯನ ಪಾಲಿಗೆ ವಾಕ್ ಶ್ರವಣ ಸಂಸ್ಥೆಯೆಂದರೆ ಕಿವುಡು ಮಕ್ಕಳಿಗೆ ಯಂತ್ರ ಕೊಡುವ, ತೊದಲುವವರ ನಾಲಗೆ ತಿದ್ದುವ ಆಸ್ಪತ್ರೆ. ಕಿವಿ ಕೇಳುವ, ಮಾತು ಸ್ಫುಟವಾಗಿರುವ ಮಗುವನ್ನು ಅಲ್ಲಿಗೆ ಕರೆದೊಯ್ಯುವುದುಂಟೆಂದು ಯಾರಿಗೂ ಹೊಳೆದಿರಲಿಲ್ಲ.

ಮುಂದೆ ಬೋಧಕನಾಗಿ ಮೈಸೂರಿಗೆ ವರ್ಗವಾದ ಮೇಲೆ, ಆ ಸಂಸ್ಥೆಗಳ ಗ್ರಂಥಾಲಯಗಳಲ್ಲಿ ಕುಳಿತುಕೊಳ್ಳುವ ಅವಕಾಶ ನನಗೆ ಒದಗಿತು. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ವರದಿಯ ವಿಚಾರ ತಿಳಿದುದು ಅಲ್ಲಿಯೇ. ಹದಿನಾಲ್ಕು ವರ್ಷದ ಪರ್ಸಿ ಎಂಬ ಹುಡುಗ. ಬುದ್ಧಿವಂತ, ಆಟದಲ್ಲಿ ಮುಂದು, ಲೆಕ್ಕದಲ್ಲಿ ಚುರುಕು. ಏಳನೆಯ ವಯಸ್ಸಿನಿಂದ ಎಷ್ಟು ಪಾಠ ಹೇಳಿಸಿದರೂ ಓದು ಬಾರದು. ತನ್ನ ಹೆಸರನ್ನೇ ‘ಪ್ರೆಸಿ’ ಎಂದು ಬರೆದು, ತಪ್ಪಾಗಿದೆಯೆಂಬುದನ್ನೂ ಕಾಣನು. ವೈದ್ಯನ ವಿವೇಚನೆಗಿಂತಲೂ ನನ್ನ ಮನಸ್ಸನ್ನು ಸೆಳೆದುದು ಆ ವರದಿಯಲ್ಲಿ ಬರುವ ಶಾಲಾ ಉಪಾಧ್ಯಾಯನ ಅಭಿಪ್ರಾಯ: ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆಯುವುದಾಗಿದ್ದರೆ ಇವನೇ ಶಾಲೆಯಲ್ಲೆಲ್ಲ ಅತ್ಯಂತ ಜಾಣನಾಗಿರುತ್ತಿದ್ದನು ಎಂಬುದಾಗಿ ಆತ ಹೇಳಿದ್ದನಂತೆ. ಇಂಥ ಮಕ್ಕಳ ಚರಿತ್ರೆಯನ್ನು ಬರೆದವರು ವೈದ್ಯರ ಹೆಸರುಗಳನ್ನು ಕ್ರಮವಾಗಿ ಪೋಣಿಸುತ್ತಾರೆ; ಆ ಅನಾಮಧೇಯ ಉಪಾಧ್ಯಾಯನಿಗೆ ಅಲ್ಲಿ ಸಲ್ಲಬೇಕಾದಷ್ಟು ಸ್ಥಾನ ಸಂದಿಲ್ಲವೆಂದು ನನ್ನ ದೂರು.

ಪರ್ಸಿಯ ‘ಪ್ರೆಸಿ’ಯನ್ನು ಓದಿದಾಗ ನನಗೆ ತಟ್ಟನೆ ನೆನಪಾದುದು ನಮ್ಮ ಅರ್ಕಾವೊತ್ತು. ಕನ್ನಡದ ಲಿಪಿ ನುಡಿದಂತೆ ಬರೆಯುವ, ಬರೆದಂತೆ ಓದುವ ಲಿಪಿಯೆಂದು ನಾವು ಹೆಮ್ಮೆಪಡುತ್ತೇವೆ. ಬಹುಮಟ್ಟಿಗೆ ಅದು ನಿಜವೂ ಹೌದು. ಇಂಗ್ಲಿಷಿನ ಮಗು ಪಡುವ ಕಾಗುಣಿತದ ಪಾಡನ್ನು ನಮ್ಮ ಮಗು ಪಡಬೇಕಾಗಿಲ್ಲ. ಆದರೆ ‘ಸೂರ್ಯ’ ಎಂಬ ಪದವನ್ನು ಆರು ವರ್ಷದ ಮಗುವಿನ ಪಕ್ಕದಲ್ಲಿ ಕುಳಿತು ನೋಡಬೇಕು. ಕಿವಿಗೆ ರೇಫ ಮೊದಲು, ಯಕಾರ ಆಮೇಲೆ. ಕಣ್ಣಿಗೆ ಯಕಾರ ಮೊದಲು, ರೇಫದ ಕೊಂಡಿ ಆಮೇಲೆ. ಅದರ ಮಗ್ಗುಲಲ್ಲಿಯೇ ‘ಚಕ್ರ’ವಿದೆ; ಅಲ್ಲಿ ರಕಾರ ಕಕಾರದ ಕೆಳಗೆ ಒತ್ತಾಗಿ ಕುಳಿತು, ಕುಳಿತ ಕ್ರಮದಲ್ಲಿಯೇ ನುಡಿಯುತ್ತದೆ. ‘ಧರ್ಮ’ವನ್ನು ‘ಧಮ್ರ’ವೆಂದೂ ‘ಸೂರ್ಯ’ನನ್ನು ‘ಸೂಯ್ರ’ನೆಂದೂ ಓದುವ ಮಗು, ಒಂದರ್ಥದಲ್ಲಿ, ನಾವು ಹೇಳಿಕೊಟ್ಟ ‘ಬರೆದಂತೆ ಓದು’ ಎಂಬ ನಿಯಮವನ್ನು ನಮಗಿಂತ ನಿಷ್ಠೆಯಿಂದ ಪಾಲಿಸುತ್ತಿರುತ್ತದೆ. ತಕಾರ, ನಕಾರ, ಮಕಾರ, ಯಕಾರ, ಲಕಾರಗಳ ಒತ್ತುಗಳು ಮೂಲಾಕ್ಷರಗಳ ಗುರುತೇ ಸಿಗದಂತೆ ವೇಷ ಬದಲಿಸುತ್ತವೆ. ದಕಾರದ ಹೊಟ್ಟೆ ಸೀಳಿದರೆ ಧಕಾರ, ಅದರೊಳಗೆ ಚುಕ್ಕೆಯಿಟ್ಟರೆ ಥಕಾರ. ಹ್ರಸ್ವಕ್ಕೂ ದೀರ್ಘಕ್ಕೂ ನಡುವೆ ಇರುವುದು ಒಂದು ಸಣ್ಣ ಬಾಲ. ಹೆಚ್ಚಿನ ಮಕ್ಕಳು ಇದನ್ನೆಲ್ಲ ಹೇಗೋ ದಾಟುತ್ತಾರೆ. ಕೆಲವರು ದಾಟಲಾರರು, ಅವರು ಅಕ್ಷರವನ್ನು ಗುರುತಿಸಿದರೂ ಒಂದೊಂದನ್ನೂ ಹೊಸದಾಗಿ ಕಂಡವರಂತೆ ತಡೆತಡೆದು ಓದಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನ ಅರ್ಥವನ್ನು ಕಳೆದುಕೊಂಡಿರುತ್ತಾರೆ.

ಇವರನ್ನು ಕಂಡುಹಿಡಿಯುವುದು ಹೇಗೆ? ಎಲ್ಲರಿಗೂ ಸರಿಯಾಗಿ ಕಲಿಸಿದ ಮೇಲೆ ಉಳಿದವರು ಯಾರೋ ಅವರೇ ಇವರು ಎಂಬುದು ಶಾಸ್ತ್ರಸಮ್ಮತವಾದ ಉತ್ತರ. ನಮ್ಮ ಕಷ್ಟವಿದ್ದುದು ಅಲ್ಲಿಯೇ. ಒಬ್ಬೊಬ್ಬರ ಓದನ್ನು ಯಾರೂ ಕೇಳದ ಶಾಲೆಯಲ್ಲಿ, ಕಲಿಸದೆ ಬಾರದಿದ್ದವನಿಗೂ, ಕಲಿಸಿದರೂ ಬಾರದವನಿಗೂ ವ್ಯತ್ಯಾಸವನ್ನು ಕಾಣುವ ಬಗೆಯೇ ಇಲ್ಲ. ಆದ್ದರಿಂದ ಈ ಮಕ್ಕಳ ಮಟ್ಟಿಗೆ ನಮ್ಮಲ್ಲಿ ನಿಜವಾದ ಬದಲಾವಣೆಯನ್ನು ತಂದುದು ಯಾವುದೋ ವೈದ್ಯಕೀಯ ಪರೀಕ್ಷೆಯಲ್ಲ, ತರಗತಿಯ ಏರ್ಪಾಡು ಬದಲಾದುದು ಎಂದು ನಾನು ತಿಳಿದಿದ್ದೇನೆ, ವಿದ್ವಾಂಸರು ಒಪ್ಪದಿರಬಹುದು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದರಂತೆ ‘ಡಯಟ್’ಗಳು, ಎಂದರೆ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಬಂದವು. ಅಲ್ಲಿಯವರೆಗೆ ಹೊಸಬರನ್ನು ತಯಾರುಮಾಡಿ ಕಳುಹಿಸಿದರೆ ನಮ್ಮ ಕೆಲಸ ತೀರುತ್ತಿದ್ದಿತು. ಇನ್ನು ಮೇಲೆ ಕೆಲಸದಲ್ಲಿರುವವರ ಶಾಲೆಗೂ ಹೋಗಬೇಕಾಯಿತು. ಹಾಗೆ ಹೋದಾಗ ನಾನು ಕಂಡ ಅತ್ಯಂತ ದೊಡ್ಡ ವಿಸ್ಮಯವೆಂದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ‘ನಲಿ-ಕಲಿ’. ಮದನಪಲ್ಲಿಯ ಬಳಿಯ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿಬಂದ ಸರ್ಕಾರಿ ಉಪಾಧ್ಯಾಯರೇ, ಯುನಿಸೆಫ್‌ನ ನೆರವಿನಿಂದ, 1995ರಲ್ಲಿ ಅದನ್ನು ಕನ್ನಡಕ್ಕೆ ಒಗ್ಗಿಸಿದರು. ಕಬಿನಿಯ ಹಿನ್ನೀರಿನ ಆಚೆಯ, ಜೇನುಕುರುಬರ ಹಾಡಿಗಳ ಮಕ್ಕಳು ಬರುವ, ಒಬ್ಬನೋ ಇಬ್ಬರೋ ಉಪಾಧ್ಯಾಯರಿರುವ ಶಾಲೆಗಳು ಅವು. ಒಳಗೆ ಕಾಲಿಟ್ಟರೆ ಬೆಂಚಿಲ್ಲ, ಮೇಜಿಲ್ಲ. ತಲೆಯ ಮೇಲೆ ದಾರಗಳ ‘ಚಪ್ಪರ’, ಅದರಲ್ಲಿ ತೂಗುವ ಮಕ್ಕಳ ಚಿತ್ರಗಳು. ಗೋಡೆಯ ಕೆಳಭಾಗದಲ್ಲಿ ಸುತ್ತಲೂ ಕಪ್ಪು ಬಳಿದು, ಪ್ರತಿಯೊಂದು ಮಗುವಿಗೂ ಬರೆಯಲು ಮೊಳದಗಲ ಜಾಗ. ನೆಲದ ಮೇಲೆ ಗುಂಪಿಗೊಂದು ‘ತಟ್ಟೆ’. ಯಾವ ಕಾರ್ಡಿನ ಮೇಲೆ ಯಾವ ಪ್ರಾಣಿಯ ಚಿತ್ರವಿದೆಯೋ ಅದನ್ನು ನೋಡಿ ಕಲಿಕೆಯ ಏಣಿಯಲ್ಲಿ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ಮಗುವೇ ಹುಡುಕಿಕೊಳ್ಳುವುದು. ಉಪಾಧ್ಯಾಯನ ನೆರವು ಪೂರ್ಣವಾಗಿ ಬೇಕಾದವರು ಅವನ ಬಳಿ. ಸ್ವಲ್ಪ ಬೇಕಾದವರು ಅದರಾಚೆ. ಸಹಪಾಠಿಯ ನೆರವು ಸಾಕೆನ್ನುವವರು ಇನ್ನೊಂದು ಕಡೆ. ತಾವಾಗಿಯೇ ಕಲಿಯಬಲ್ಲವರು ಮೂಲೆಯಲ್ಲಿ. ಮೇಷ್ಟ್ರು ಚಕ್ಕಂಬಕ್ಕಳ ಹಾಕಿ ನೆಲದ ಮೇಲೆ ಕುಳಿತಿದ್ದಾರೆ!

ಅಕ್ಷರಗಳ ಕ್ರಮವಂತೂ ನಮ್ಮಂಥವರಿಗೆ ಅಪಚಾರವೆಂದೇ ತೋರಿತು. ವರ್ಣಮಾಲೆಯ ಸನಾತನ ಅನುಕ್ರಮವನ್ನು ಬಿಟ್ಟು ‘ರ ಗ ಸ ದ ಅ’ ಎಂಬ ಐದರಿಂದ ಆರಂಭ. ಆದರೆ ಐದು ಅಕ್ಷರ ಬಂದ ಮಗುವಿಗೆ ಅರಸ, ಅಗಸ, ಸರ, ದರ, ಸರಸ ಎಂಬ ಪದಗಳು ಆ ವಾರವೇ ಕೈಗೆ ಬರುತ್ತಿದ್ದವು; ಹಿಂದಿನ ಕ್ರಮದಲ್ಲಿ ಸ್ವರಗಳ ಸಾಲನ್ನೆಲ್ಲ ಮುಗಿಸಿ ವ್ಯಂಜನಕ್ಕೆ ಕಾಲಿಡುವವರೆಗೆ ಅದು ಒಂದು ಪದವನ್ನೂ ಓದುವಂತಿರಲಿಲ್ಲ. ಪೋಷಕರ ಸಭೆಯಲ್ಲಿ ಒಬ್ಬ ರೈತ ಎದ್ದು, “ಅಲ್ಲ ಮೇಷ್ಟ್ರೆ, ಅ ಆ ಇ ಈ ಯೋಳ್ಕೊಡ್ದೆ ಮೊದ್ಲೇ ರ ಗ ಅಂತೀರಲ್ಲ, ಇದ್ಯಾವ ಸೀಮೆ ಇಸ್ಕೂಲು?” ಎಂದು ಕೇಳಿದ. ಅವನ ಮಗಳೇ ಎದ್ದು ಗೋಡೆಯ ಮೇಲೆ ಎರಡು ಪದ ಬರೆದು ಓದಿದಳು, ಆತ ಕುಳಿತ, ಒಪ್ಪಿದನೋ ಇಲ್ಲವೋ ಹೇಳಲಾರೆ.

ಆ ಶಾಲೆಗಳಲ್ಲಿ ಒಕ್ಕೊರಲಿನ ಮರೆ ಇರಲಿಲ್ಲ. ಏಣಿಯ ಒಂದೇ ಮೆಟ್ಟಿಲಿನಲ್ಲಿ ಬಹುಕಾಲ ನಿಂತ ಮಗು ಎದ್ದು ಕಾಣುತ್ತಿದ್ದಿತು, ಅದನ್ನು ಗದರಿಸುವ ಸಂದರ್ಭವೂ ಇರಲಿಲ್ಲ. 2009-10ರಲ್ಲಿ ಈ ಕ್ರಮವು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ವ್ಯಾಪಿಸಿತು. ಹಾಗೆ ವ್ಯಾಪಿಸಿದಾಗ ಅದರ ಜೀವಾಳ ಎಷ್ಟೋ ಕಡೆ ಸೋರಿಹೋಯಿತು. ಕೋಟೆ ತಾಲ್ಲೂ‌ಕಿನವರು ತಾವೇ ಕಟ್ಟಿದ್ದರಿಂದ ಕಾರ್ಡು ಏಕೆ ಆ ಕ್ರಮದಲ್ಲಿದೆಯೆಂದು ಬಲ್ಲವರಾಗಿದ್ದರು. ಕೆಲವು ದಿನಗಳ ತರಬೇತಿಯಲ್ಲಿ ಪೆಟ್ಟಿಗೆ ಪಡೆದುಕೊಂಡವರಿಗೆ ಕಾರ್ಡು ಮುಗಿಸುವುದೇ ಗುರಿಯಾಯಿತು. ಪ್ರಗತಿಪಟ್ಟಿಯಲ್ಲಿ ಗುರುತು ಬೀಳುತ್ತಿದ್ದಿತು, ಮಗು ಓದುತ್ತಿರಲಿಲ್ಲ. 2005ರಿಂದ ‘ಪ್ರಥಮ್’ ಸಂಸ್ಥೆಯವರು ಮನೆಮನೆಗೆ ಹೋಗಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಓದಿಸಿ ಬರೆಯುತ್ತಿದ್ದ ‘ಅಸರ್’ ವರದಿ, ದೇಶದ ಹಳ್ಳಿಗಳ ಐದನೆಯ ತರಗತಿಯ ಮಕ್ಕಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಎರಡನೆಯ ತರಗತಿಯ ಪಾಠವನ್ನು ಓದಲಾರರೆಂದು ವರ್ಷವರ್ಷವೂ ಹೇಳುತ್ತ ಬಂದಿತು. ಇಷ್ಟು ಮಂದಿಗೂ ಹುಟ್ಟಿನ ತೊಡಕಿರಲು ಸಾಧ್ಯವಿಲ್ಲವಷ್ಟೆ.

ಇದೇ ಕಾಲದಲ್ಲಿ ನಗರಗಳಲ್ಲಿ ನಡೆಯುತ್ತಿದ್ದುದು ಬೇರೆಯೇ ಕಥೆ. ಮದರಾಸು, ಮುಂಬಯಿಗಳಲ್ಲಿ, ಓದಿನ ಈ ಹುಟ್ಟಿನ ತೊಡಕಿನ ಹೆಸರಿನಲ್ಲಿಯೇ, ಡಿಸ್‌ಲೆಕ್ಸಿಯಾ ಸಂಘಗಳು ಹುಟ್ಟಿದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳನ್ನು ಪರೀಕ್ಷಿಸುವ ಕ್ರಮ ರೂಪುಗೊಂಡಿತು. ವಿಶೇಷ ಶಿಕ್ಷಕಿಯರೆಂಬ ಹೊಸದೊಂದು ವರ್ಗವೇ ತಲೆದೋರಿತು. ಅವರಲ್ಲಿ ಅನೇಕರು ತಮ್ಮದೇ ಮಗುವಿನ ಸಂಕಟವನ್ನು ಕಂಡು ಈ ವಿದ್ಯೆಯನ್ನು ಕಲಿತ ತಾಯಂದಿರು. ಅವರ ತಾಳ್ಮೆಯನ್ನು, ಮಗುವೊಂದಕ್ಕಾಗಿ ಅವರು ಮಾಡಿಟ್ಟುಕೊಳ್ಳುತ್ತಿದ್ದ ಸಾಮಗ್ರಿಯ ಅಚ್ಚುಕಟ್ಟನ್ನು ನೋಡಿ ನಾನು ತಲೆಬಾಗಿದ್ದೇನೆ. ಒಮ್ಮೆ ಅಂಥ ಕಮ್ಮಟವೊಂದರಲ್ಲಿ, ಅಮೆರಿಕದ ಆರ್ಟನ್ ಎಂಬ ವೈದ್ಯ ಮತ್ತು ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿಯ ಹೆಸರಿನಲ್ಲಿ ಪ್ರಸಿದ್ಧವಾದ ಬಹ್ವಿಂದ್ರಿಯ ವಿಧಾನವನ್ನು ವಿವರಿಸುತ್ತ, ತಟ್ಟೆಯಲ್ಲಿ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿ ಬಾಯಲ್ಲಿ ಹೇಳಿಸುವುದನ್ನು ತೋರಿಸಿದಾಗ, ಕೂಲಿಮಠದಲ್ಲಿ ಮರಳಿನ ಮೇಲೆಯೇ ಓನಾಮ ತಿದ್ದಿದ್ದ ನನ್ನ ಪಕ್ಕದ ವೃದ್ಧರೊಬ್ಬರು ಕರವಸ್ತ್ರದ ಹಿಂದೆ ನಕ್ಕರು. ನಗು ಸಹಜವೇ, ಆದರೆ ವ್ಯತ್ಯಾಸವೂ ಇದ್ದಿತು. ಮಠದ ಅಯ್ಯನವರು ಮರಳಿನ ಮೇಲೆ ಎಲ್ಲರಿಗೂ ಒಂದೇ ಅಕ್ಷರವನ್ನು ಒಂದೇ ದಿನ ತಿದ್ದಿಸುತ್ತಿದ್ದರು. ಈ ಶಿಕ್ಷಕಿ, ಎದುರಿಗಿರುವ ಮಗು ನಿನ್ನೆ ಎಲ್ಲಿ ಎಡವಿತೋ ಅಲ್ಲಿಂದಲೇ ಇಂದಿನ ಪಾಠವನ್ನು ಹಿಡಿಯುತ್ತಿದ್ದಳು.

ಅವರ ಕೆಲಸವೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಇಂಗ್ಲಿಷ್ ಮಾಧ್ಯಮದ ಮಕ್ಕಳಿಗಾಗಿ, ಶುಲ್ಕ ಕೊಡಬಲ್ಲವರಿಗಾಗಿ ನಡೆಯುತ್ತಿದ್ದಿತು. 2007ರ ಕೊನೆಯಲ್ಲಿ ‘ತಾರೇ ಜಮೀನ್ ಪರ್’ ಚಿತ್ರ ಬಂದ ಮೇಲೆ ಡಿಸ್‌ಲೆಕ್ಸಿಯಾ ಎಂಬ ಹೆಸರು ತಾಲ್ಲೂಕು ಕೇಂದ್ರದ ಉಪಾಧ್ಯಾಯರ ಬಾಯಲ್ಲಿಯೂ ಆಡತೊಡಗಿತು. ನಮ್ಮ ಇಲಾಖೆಯ ತರಬೇತಿಗಳಿಗೂ ಒಂದು ಅಧಿವೇಶನದ ವಿಷಯವಾಗಿ ಅದು ಬಂದಿತು. ಆಗ ಹಂಚಿದ ಲಕ್ಷಣಗಳ ಪಟ್ಟಿಯನ್ನು ನೋಡಿ ನಾನು ನಿಟ್ಟುಸಿರುಬಿಟ್ಟೆ. ಮಗು ಇಂಗ್ಲಿಷಿನ ಬಿ ಅಕ್ಷರವನ್ನು ಡಿ ಎಂದು ತಿರುಗಿಸಿ ಬರೆಯುತ್ತದೆಯೇ ಎಂಬುದು ಅದರ ಮೊದಲನೆಯ ಪ್ರಶ್ನೆ. ಕನ್ನಡದಲ್ಲಿ ಹಾಗೆ ಕನ್ನಡಿಯ ಬಿಂಬದಂತಿರುವ ಅಕ್ಷರಗಳ ಜೋಡಿಯೇ ಇಲ್ಲ! ಇನ್ನೊಂದು, ಮಗು ಅಕ್ಷರವನ್ನು ಬಿಟ್ಟು ಓದುತ್ತದೆಯೇ ಎಂಬುದು. ನಂಜನಗೂಡಿನ ಆಚೆಯ ಹಳ್ಳಿಗಳಲ್ಲಿ ‘ಹಸು’ವನ್ನು ‘ಅಸು’ವೆಂದೂ ‘ಹಾಲ’ನ್ನು ‘ಆಲ’ನ್ನಾಗಿಯೂ ಓದದ ಮಗು ಅಪರೂಪ, ಅದು ಅವರ ಮನೆಯ ಮಾತು, ರೋಗವಲ್ಲ. ಮಹಾಪ್ರಾಣವೂ ಅಷ್ಟೆ. ಆ ಪಟ್ಟಿಯನ್ನು ಅಕ್ಷರಶಃ ನಂಬಿದರೆ ಇಡೀ ತಾಲ್ಲೂಕನ್ನೇ ಆಸ್ಪತ್ರೆಗೆ ಸಾಗಿಸಬೇಕಾಗುತ್ತಿತ್ತು. ನಿಜವಾಗಿ ತೊಡಕಿರುವ ಮಗು ಆ ಗುಂಪಿನಲ್ಲಿ ಮತ್ತೆ ಮರೆಯಾಗುತ್ತಿತ್ತು.

ಕನ್ನಡದ ಓದನ್ನು ಕನ್ನಡದ ಲಕ್ಷಣದಿಂದಲೇ ಅಳೆಯಬೇಕೆಂದು ಹೊರಟವರು ಇರಲಿಲ್ಲವೆಂದಲ್ಲ. ವಾಕ್ ಶ್ರವಣ ಸಂಸ್ಥೆಯಲ್ಲಿ ಕೆ.ಎಸ್. ಪ್ರೇಮಾ ಅವರು ಕನ್ನಡದ ಓದಿನ ಬೆಳವಣಿಗೆಯನ್ನು ಪರೀಕ್ಷಿಸುವ ಸಾಧನವನ್ನು 1990ರ ದಶಕದಲ್ಲಿ ರೂಪಿಸಿದರು. ಪ್ರತಿಭಾ ಕಾರಂತರು ಭಾರತೀಯ ಲಿಪಿಗಳಲ್ಲಿ ಓದುವ ಕ್ರಿಯೆಯು ಇಂಗ್ಲಿಷಿನ ಓದಿಗಿಂತ ಹೇಗೆ ಭಿನ್ನವೆಂಬುದನ್ನು ಕುರಿತು ಬಹುಕಾಲ ದುಡಿದರು. ಬೆಂಗಳೂರಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಇಂಗ್ಲಿಷಿನ ಮಗು ತನ್ನ ಅಕ್ಷರಮಾಲೆಯನ್ನು ಬೇಗನೆ ಮುಗಿಸಿದರೆ ಕನ್ನಡದ ಮಗುವಿಗೆ ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ, ಅದರಾಚೆಗೂ ಚಾಚುತ್ತದೆಂದು ತೋರಿಸಿದರು. ಎರಡನೆಯ ತರಗತಿಯ ಕೊನೆಗೆ ಒತ್ತಕ್ಷರವೆಲ್ಲ ಬಂದಿರಬೇಕೆಂದು ಮಕ್ಕಳ ಕಿವಿ ಹಿಂಡಿದ ತಲೆಮಾರುಗಳ ಉಪಾಧ್ಯಾಯರು ಈ ಒಂದು ಸಂಗತಿಯನ್ನು ಬಲ್ಲವರಾಗಿದ್ದರೆ ಎಷ್ಟೋ ಕಿವಿಗಳು ಉಳಿಯುತ್ತಿದ್ದವು. ಆದರೆ ಇವೆಲ್ಲ ಇಂಗ್ಲಿಷಿನ ನಿಯತಕಾಲಿಕಗಳಲ್ಲಿ ಅಚ್ಚಾದವು, ಡಿ.ಎಡ್. ವಿದ್ಯಾರ್ಥಿಯ ನೋಟ್ಸಿನಲ್ಲಿ ಮಾತ್ರ ಆ ಮೂರು ಪದ್ಧತಿಗಳ ಗುಣದೋಷಗಳೇ ಮುಂದುವರಿದವು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 21 ವಿಧಗಳಲ್ಲಿ ಒಂದೆಂದು ಗಣಿಸಿತು. ಪ್ರಮಾಣಪತ್ರ ತಂದ ವಿದ್ಯಾರ್ಥಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಮುಂತಾದುವು ಲಭ್ಯ. ತಾಲ್ಲೂಕಿನಲ್ಲಿ ಈ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರ ಬೈಕು ಎಷ್ಟು ಶಾಲೆಗಳನ್ನು ಸುತ್ತಬೇಕೆಂಬುದನ್ನು ಬಲ್ಲವರು ಅವರನ್ನು ದೂರುವುದಿಲ್ಲ. ಕೊರೊನಾ ಕಾಲದ ತರುವಾಯ 2022-23ನೆಯ ಸಾಲನ್ನು ಸರ್ಕಾರ ‘ಕಲಿಕಾ ಚೇತರಿಕೆ’ಯ ವರ್ಷವೆಂದು ಸಾರಿದಾಗ, ನಿವೃತ್ತನಾಗಿ ಬಹುಕಾಲವಾಗಿದ್ದ ನನ್ನನ್ನೂ ಒಂದೆರಡು ಸಭೆಗಳಿಗೆ ಕರೆದಿದ್ದರು. ಅಲ್ಲಿ ಪರಿಚಯವಾದವರು ಚಾಮರಾಜನಗರದ ಕಡೆಯ ಒಬ್ಬ ಯುವ ಶಿಕ್ಷಕಿ. ನೂರು ಪುಟದ ಒಂದು ನೋಟುಪುಸ್ತಕವನ್ನು ತಂದಿದ್ದರು. ದಿನಕ್ಕೊಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ, ಪುಸ್ತಕದಲ್ಲಿದ್ದುದನ್ನು ಎಡಗಡೆ, ಮಗುವಿನ ಬಾಯಿಂದ ಬಂದುದನ್ನು ಬಲಗಡೆ ಬರೆದಿದ್ದರು. ನಮ್ಮ ಹಳೆಯ ಅಧ್ಯಾಪಕರನ್ನು ಆಕೆ ಕಂಡವರಲ್ಲ. ಯಾರೂ ಹೇಳಿಕೊಟ್ಟದ್ದೂ ಅಲ್ಲವಂತೆ.

ಪುಟ ತಿರುವಿದರೆ ಮಕ್ಕಳು ಬೇರೆ ಬೇರೆಯಾಗಿ ಕಾಣುತ್ತಿದ್ದರು. ಒಬ್ಬನ ತಪ್ಪೆಲ್ಲ ಹಕಾರದ್ದು. ಅವನನ್ನು ಆಕೆ ಸುಮ್ಮನೆ ಬಿಟ್ಟಿದ್ದರು. ಇನ್ನೊಬ್ಬಳದು ಅರ್ಕಾವೊತ್ತು ಮಾತ್ರ. ಅದನ್ನು ಹಿಂದಕ್ಕೆ ಓದುವ ಗುಟ್ಟನ್ನು ಎರಡು ವಾರ ಹಿಡಿದು ಹೇಳಿಕೊಟ್ಟ ಮೇಲೆ ಬಲಗಡೆಯ ಕಾಲಂ ಎಡಗಡೆಯದಕ್ಕೆ ಸರಿಹೊಂದಿತ್ತು. ನಾಲ್ಕನೆಯ ತರಗತಿಯ ಒಬ್ಬ ಹುಡುಗನ ಪುಟಗಳು ಮಾತ್ರ ತಿಂಗಳು ಕಳೆದರೂ ಒಂದೇ ತೆರನಾಗಿದ್ದವು: ಇಂದು ಬಂದ ಅಕ್ಷರ ನಾಳೆ ಇಲ್ಲ, ದೀರ್ಘವಿದ್ದಲ್ಲಿ ಹ್ರಸ್ವ, ಮೂರಕ್ಷರದ ಪದಕ್ಕೆ ಒಂದು ಉಸಿರಿನಷ್ಟು ಕಾಲ. ಅವನನ್ನು ಪರೀಕ್ಷೆಗಾಗಿ ಮೈಸೂರಿಗೆ ಕಳುಹಿಸಿದ್ದರು. ತಂದೆ ಕೂಲಿ ಬಿಟ್ಟು ಹೋಗಿ, ಹೇಳಿದ ದಿನ ಮತ್ತೆ ಹೋಗಿ, ಅಂತೂ ಕಾಗದ ತಂದನಂತೆ. ಎಸ್.ಎಸ್.ಎಲ್.ಸಿ.ಗೆ ಇದು ಪ್ರಯೋಜನಕ್ಕೆ ಬರುತ್ತದೆ ಎಂದು ಯಾರೋ ತಿಳಿಸಿದಾಗ, ಅದಕ್ಕಿನ್ನೂ ಆರು ವರ್ಷ ಅದೆ, ಅಲ್ಲೀಗಂಟ ಓದ್ಸೋರು ಯಾರು ಎಂದು ಕೇಳಿದನಂತೆ. ಬೆಳಗಿನ ಪ್ರಾರ್ಥನೆಗೆ ಮುನ್ನ ಅರ್ಧ ಗಂಟೆ ಆ ಹುಡುಗನಿಗಾಗಿ ಆಕೆಯೇ ಕೂರುತ್ತಿದ್ದಾರೆ. ಸಣ್ಣ ಸಣ್ಣ ಚೀಟಿಗಳು, ಗುಣಿತದ ಒಂದೊಂದು ಚಿಹ್ನೆಗೆ ಒಂದೊಂದು ಬಣ್ಣ, ಹಳೆಯ ಪಾಠವನ್ನು ಮೊದಲು ಓದಿಸಿ ಆಮೇಲೆ ಹೊಸದು. ಓದು ಮುಂದುವರಿಯುತ್ತಿದೆ, ಬಹಳ ನಿಧಾನವಾಗಿ.

ಈ ಸಲದ ವರ್ಗಾವಣೆಯ ಕೌನ್ಸೆಲಿಂಗ್ ಪಟ್ಟಿಯಲ್ಲಿ ಆಕೆಯ ಹೆಸರು ಬಂದಿದೆ. ಗಂಡನ ಕೆಲಸವಿರುವ ಊರಿಗೆ ಹೋಗಬೇಕಾದವರು; ಹೋಗಬೇಡಿ ಎನ್ನಲು ಯಾರಿಗೂ ಅಧಿಕಾರವಿಲ್ಲ. ಮೊನ್ನೆ ಫೋನು ಮಾಡಿ, ಶಾಲೆಯ ಚಾರ್ಜು ಒಪ್ಪಿಸುವಾಗ ಬೀರು, ಗ್ಲೋಬು, ತಕ್ಕಡಿಗಳ ಜೊತೆಗೆ ಈ ನೋಟುಪುಸ್ತಕವನ್ನೂ ಪಟ್ಟಿಯಲ್ಲಿ ಸೇರಿಸಬಹುದೇ ಸರ್, ಹೆಡ್‌ಮಾಸ್ಟರು ಬೇಡವೆನ್ನುತ್ತಾರೆ ಎಂದು ಕೇಳಿದರು. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ, ಕ್ರಮಸಂಖ್ಯೆ ಹಾಕಿ ಸೇರಿಸಿ, ಬರುವವರ ಸಹಿ ಪಡೆದುಕೊಳ್ಳಿ ಎಂದು ಹೇಳಿದ್ದೇನೆ.